ಟೊರಾಂಟೊಗೆ ಸುತ್ತು ದಾರಿ

ಏರ್‌ಪೋರ್ಟ್ ಬಸ್ಸು ಹಿಡಿಯಲು ದೊಡ್ಡಮ್ಮ, ನಾನು ದಟ್ಟಗಳ್ಳಿಯಿಂದ ಆಟೊ ಹತ್ತಿದ್ದೆವು. ದೆಹಲಿಯಿಂದ ಟೊರಾಂಟೊಗೆ ನಮ್ಮ ವಿಮಾನ ಹೋಗುವ ದಾರಿಯನ್ನು ಮೊಬೈಲಿನಲ್ಲಿ ತೋರಿಸಿದೆ: ಹನ್ನೊಂದು ಸಾವಿರ ಚಿಲ್ಲರೆ ಕಿಲೋಮೀಟರು, ಹದಿನೈದು ಗಂಟೆ. ಗೆರೆ ಉತ್ತರ ಧ್ರುವದ ಕಡೆಗೆ ಬಿಲ್ಲಿನಂತೆ ಬಾಗಿತ್ತು.

"ನೆಟ್ಟಗೆ ಹೋಗೋದ್ಬುಟ್ಟು ಇಷ್ಟು ಸುತ್ತು ಯಾಕೆ? ದುಡ್ಡು ಕೀಳಕ್ಕೆ ಕಣೋ," ಎಂದರು ದೊಡ್ಡಮ್ಮ.

ಗಣಪತಿಗೆ ಒಡೆಯಲೆಂದು ಅವರ ಮಡಿಲಲ್ಲಿದ್ದ ತೆಂಗಿನಕಾಯಿಯ ಮೇಲೆ ಬೆರಳಾಡಿಸಿ, ಭೂಮಿ ಗುಂಡಗಿರುವುದರಿಂದ ಬಾಗಿದ ದಾರಿಯೇ ಹತ್ತಿರ ಎಂದು ವಿವರಿಸಿದೆ. ಅವರು ಕಾಯಿಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

ಅಷ್ಟರಲ್ಲಿ ಆಟೊ ಗುರುತಿಲ್ಲದ ಅಡ್ಡರಸ್ತೆಗೆ ತಿರುಗಿತು.

"ಇದ್ಯಾಕ್ರೀ ಈ ಕಡೆ?" ಎಂದು ರೇಗಿದೆ.

"ಇದೇ ಹತ್ರ ಸಾರ್," ಎಂದ ಚಾಲಕ.

ದೊಡ್ಡಮ್ಮ ನನ್ನತ್ತ ತಿರುಗಿದರು. "ನೋಡ್ತಿರು, ಇವನೂ ಈಗ ಭೂಮಿ ಗುಂಡಗಿದೆ ಅಂತಾನೆ."