ಸೋಮವಾರದ ಜ್ವರ

ಹೋದ ತಿಂಗಳು ಕರಿಬೇವಿನ ಸಸಿ ಕೊಂಡಾಗ ನರ್ಸರಿಯವನು ಜೊತೆಗೊಂದು ಕಂದು ಇಟ್ಟಿಗೆಯನ್ನೂ ಕೈಗಿಟ್ಟ. ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ್ದಂತೆ, ಕೋಕೋಪೀಟ್ ಅಂತ ಹೆಸರು. ನೀರಲ್ಲಿ ನೆನೆಸಿ ಮಣ್ಣಿಗೆ ಬೆರೆಸಿ ಅಂದ. ಬಕೆಟ್ಟಿಗೆ ಹಾಕಿ, ನೀರು ಸುರಿದು, ಮುಚ್ಚಳ ಮುಚ್ಚಿ, ಮರೆತೇಬಿಟ್ಟೆ. ಹತ್ತು ದಿನದ ಮೇಲೆ ಮುಚ್ಚಳ ತೆಗೆದೆ ನೋಡಿ… ಕೊಳೆತ ಮೊಟ್ಟೆಗೆ ಚರಂಡಿ ನೀರು ಕಲಸಿದಂಥ ನಾತ. ಬಕೆಟ್ ಸಮೇತ ಆಚೆ ಎಸೆದು ಬಂದು, ಸೋಪು ಹಾಕಿ ಹಾಕಿ ಕೈ ತೊಳೆದೆ. ಆ ನಾತ ನನಗೆ ಹೊಸದೇನಲ್ಲ. ಗುಬ್ಬಿಯಲ್ಲಿದ್ದಷ್ಟು ವರ್ಷವೂ ಅದರ ಪಕ್ಕದಲ್ಲೇ ಉಂಡು ಮಲಗಿದವಳು ನಾನು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬಿಎಸ್ಸಿ, ಬಿಎಡ್ ಮುಗಿಸಿ ಗುಬ್ಬಿಯ ಹೈಸ್ಕೂಲೊಂದಕ್ಕೆ ವಿಜ್ಞಾನದ ಟೀಚರಾಗಿ ಬಂದಿದ್ದೆ. ನನ್ನ ಯಜಮಾನರು ತುಮಕೂರಿನ ಆಫೀಸಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ನಮ್ಮದು ಸಾಲು ಹೆಂಚಿನ ಮನೆ. ನಡುವಿನ ಗೋಡೆ ಸೂರಿನ ತನಕ ಮುಟ್ಟುತ್ತಿರಲಿಲ್ಲ, ಮೇಲೆ ಒಂದು ಮೊಳ ಖಾಲಿ. ಆ ಖಾಲಿಯಿಂದ ಪಕ್ಕದ ಮನೆಯ ಒಗ್ಗರಣೆ, ಜಗಳ, ಕೆಮ್ಮು ಎಲ್ಲ ಧಾರಾಳವಾಗಿ ನಮ್ಮನೆಗೆ ಬರುತ್ತಿತ್ತು. ಎಲ್ಲಕ್ಕಿಂತ ಮೊದಲು ಬರುತ್ತಿದ್ದುದು ನಾತ.

ಪಕ್ಕದ ಮನೆಯಾಕೆ ಊರಾಚೆಯ ನಾರಿನ ಮಿಲ್ಲಿನ ಕೆಲಸದವಳು. ವಯಸ್ಸು ನಲವತ್ತರ ಆಸುಪಾಸು. ಗಂಡ ತೀರಿಹೋಗಿ, ಇದ್ದವಳು ಮಗಳೊಬ್ಬಳು. ಮಿಲ್ಲನ್ನು ನಾನೂ ಒಮ್ಮೆ ನೋಡಿದ್ದೆ. ತೆಂಗಿನ ಸಿಪ್ಪೆಯನ್ನು ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿರುತ್ತಿದ್ದರು. ಕರಿನೀರಿನ ಮೇಲೆ ಬೊಬ್ಬುಳಿ ಎದ್ದು ಒಡೆಯುತ್ತಿತ್ತು. ಹೆಂಗಸರು ಮೊಣಕಾಲುದ್ದ ಇಳಿದು ಅದನ್ನು ಎಳೆದು ಹಾಕಬೇಕು, ಬಡಿಯಬೇಕು, ಒಣಗಿದ ಮೇಲೆ ಮೆಷಿನ್ನಿಗೆ ಕೊಡಬೇಕು. ಮೆಷಿನ್ ಶೆಡ್ಡಿನಲ್ಲಿ ಎದುರಿಗಿದ್ದವರ ಮುಖ ಕಾಣದಷ್ಟು ಧೂಳು. ಈಕೆ ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆಯೆಲ್ಲ ಕಂದು. ಕ್ಯಾಕರಿಸಿ ಮೋರಿಗೆ ಉಗಿದರೆ ಅದೂ ಕಂದು. ಅದೇ ಕೈಯಲ್ಲಿ ಒಲೆ ಹಚ್ಚಿ, ಅದೇ ಕೈಯಲ್ಲಿ ಹುರುಳಿ ಸಾರು ಮಾಡಿ, ಒಂದು ಬಟ್ಟಲು ನನಗೂ ತಂದುಕೊಡುತ್ತಿದ್ದಳು. ನಗುನಗುತ್ತಾ ಇಸಿದುಕೊಂಡು, ಬಾಗಿಲು ಹಾಕಿ, ಬಚ್ಚಲಿಗೆ ಸುರಿಯುತ್ತಿದ್ದೆ. ಒಂದೆರಡು ಸಲ ಅಲ್ಲ, ವರ್ಷಗಟ್ಟಲೆ.

ಒಮ್ಮೆ ಗೌರಿ ಹಬ್ಬಕ್ಕೆ ಇಬ್ಬರೂ ಒಂದೇ ಬಸ್ಸಿಗೆ ಸಿಕ್ಕಿಕೊಂಡೆವು. ನನ್ನ ತವರು ಕುಣಿಗಲ್, ಆಕೆಯದು ಅಲ್ಲೇ ಕೊತ್ತಗೆರೆ. ತುಮಕೂರು ದಾಟುವ ಹೊತ್ತಿಗೆ ಬಸ್ಸೆಲ್ಲ ಗಬ್ಬು ನಾತ. ಆಕೆಯ ತೊಡೆಯ ಮೇಲೆ ಒಂದು ಬಟ್ಟೆಯ ಗಂಟಿತ್ತು. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಏನವ್ವಾ ಅದು, ಸತ್ತಿಲಿ ಗಿಲಿ ಕಟ್ಕೊಂಡು ಬಂದಿದೀಯಾ?" ಅಂದ. ಜನ ನಕ್ಕರು. ನಾನು ಆಕೆಯ ಪರಿಚಯವೇ ಇಲ್ಲದವಳ ಹಾಗೆ ಎದ್ದು ಹಿಂದಿನ ಸೀಟಿಗೆ ಹೋದೆ.

ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ತಡೆಯಲಾರದೆ ಕೇಳಿದೆ. ಆಕೆ ಸಂಕೋಚವಿಲ್ಲದೆ ಗಂಟು ಬಿಚ್ಚಿದಳು. ಒಳಗಿದ್ದದ್ದು ಮಿಲ್ಲಿನ ಧೂಳು, ಒಂದು ಹಿಡಿ ಕೊಳೆತ ನಾರು.

"ಎಲ್ಡು ದಿನ ರಜಾ ಮಾಡಿ ತಿರ್ಗಾ ಮಿಲ್ಲಿಗೆ ಓದ್ರೆ ಚಳಿಜ್ವರ ಬಂದ್ಬುಡ್ತದೆ ಟೀಚರಮ್ಮ. ದಿನಾ ಮೂಗಿಗೆ ಬಿದ್ರೆ ಏನೂ ಆಗಾಕಿಲ್ಲ. ಅದ್ಕೇ ರಜದಾಗೆ ದಿಂಬಿನ ಕೆಳ್ಗೆ ಮಡೀಕಂಡು ಮಲೀಕತೀನಿ."

ಭಾನುವಾರ ಮನೆಯಲ್ಲಿ ಕೂತವರಿಗೆ ಸೋಮವಾರ ಸಂಜೆ ಮೈ ಬಿಸಿಯಾಗುವುದು ಮಿಲ್ಲಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವಂತೆ. ಹೊಸಬರಿಗಂತೂ ಮೊದಲ ದಿನವೇ ಜ್ವರ. ಹಾಗಾಗಿ ಅಲ್ಲಿನವರ ಲೆಕ್ಕದಲ್ಲಿ ರಜೆಯೇ ರೋಗ, ಧೂಳೇ ಮದ್ದು.

ಯಾರಾದರೂ ವಾಕರಿಸಿಕೊಳ್ಳಬೇಕಾದ ಮಾತು. ನನಗೋ ರೋಮಾಂಚನ! ಬಿಎಸ್ಸಿ ಓದಿದ್ದು ತಲೆಯಲ್ಲಿ ಬುಗುಬುಗು ಅನ್ನುತ್ತಿತ್ತಲ್ಲ. ಬಸ್ ಸ್ಟ್ಯಾಂಡಿನಲ್ಲೇ ಪಾಠ ಶುರುಮಾಡಿದೆ. "ಇದು ಸಿಡುಬಿಗೆ ತೋಳಿಗೆ ಚುಚ್ತಿದ್ರಲ್ಲ, ಹಾಗೇ. ಸ್ವಲ್ಪ ಸ್ವಲ್ಪ ಒಳಗೆ ಹೋದ್ರೆ ಮೈಗೆ ಶಕ್ತಿ ಬರುತ್ತೆ," ಅಂದೆ. ಆಕೆಯ ಮುಖ ಅರಳಿತು. ತಾನಾಗಿ ಕಂಡುಕೊಂಡದ್ದನ್ನು ಓದಿದವಳೊಬ್ಬಳು ಸರಿ ಅಂದಳಲ್ಲ ಎಂಬ ಹೆಮ್ಮೆ ಅದು.

ಮರುವರ್ಷ ಆಕೆ ಮಗಳನ್ನೂ ಮಿಲ್ಲಿಗೆ ಸೇರಿಸಬೇಕೆಂದಳು. ಹುಡುಗಿಗೆ ಹತ್ತೊಂಬತ್ತು. ಬಾಯಿ ತುಂಬ ನಗು, ತಾಯಿಯ ಮೈನಾತಕ್ಕೆ ತಾನೇ ಮೂಗು ಹಿಡಿದು ಅಣಕಿಸುವ ತುಂಟಿ. ಎಸ್ಸೆಸ್ಸೆಲ್ಸಿ ಎರಡು ಸಲ ಕೈಕೊಟ್ಟಿತ್ತು, ಅವಳಿಗೂ ಕೆಲಸ ಬೇಕಿತ್ತು. ತೊಡಕೆಂದರೆ, ಮೊದಲ ವಾರ ಜ್ವರ ಅಂತ ಮಲಗಿದವರನ್ನು ಮಿಲ್ಲಿನವರು ಮತ್ತೆ ಒಳಕ್ಕೆ ಬಿಡುತ್ತಿರಲಿಲ್ಲ. ಆಕೆ ನನ್ನ ಹತ್ತಿರ ಬಂದು ಕೇಳಿದಳು, "ಇವ್ಳಿಗೂ ಮೊದ್ಲೇ ರೂಢಿ ಮಾಡಿಸ್ಬುಡ್ಲಾ ಟೀಚರಮ್ಮ?"

"ಮಾಡ್ಸಿ, ಒಳ್ಳೇದೇ," ಅಂದೆ. ಅಷ್ಟಕ್ಕೇ ಸುಮ್ಮನಾದೆನೇ? ನನ್ನ ಥರ್ಮಾಮೀಟರನ್ನೂ ಕೊಟ್ಟೆ. ದಿನಾ ಸಂಜೆ ಹೋಗಿ ನಾನೇ ನೋಡಿ ಬರೆದುಕೊಂಡೆ. ಆ ಗಂಟಿಗೆ ಮೂಗಿಟ್ಟು ಉಸಿರೆಳೆದುಕೊಂಡ ಮೊದಲ ದಿನ ಹುಡುಗಿಗೆ ನೂರಾ ಎರಡು, ಹಲ್ಲು ಕಟಕಟ. ನಾಲ್ಕನೇ ದಿನ ನೂರು. ಹತ್ತನೇ ದಿನ ಏನೂ ಇಲ್ಲ. ಆ ಅಂಕಿಗಳಿಂದ ಚೆಂದದ ಗ್ರಾಫ್ ಬರೆದು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ತೋರಿಸಿ, ನೋಡಿ ದೇಹ ಹೇಗೆ ಕಲಿಯುತ್ತೆ ಅಂತ ಪಾಠ ಮಾಡಿದೆ. ಇವತ್ತು ಆ ಗ್ರಾಫ್ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ.

ಹುಡುಗಿ ಕೆಲಸಕ್ಕೆ ಸೇರಿದಳು. ಅವಳ ಜೊತೆ ಸೇರಿದವರೆಲ್ಲ ಚಳಿಗೆ ನಡುಗಿ ಮಲಗಿದರೆ ಇವಳೊಬ್ಬಳು ಕಲ್ಲುಗುಂಡು. ತಾಯಿ ತಂಬಿಟ್ಟು ಮಾಡಿ ತಂದಳು. ಅವತ್ತು ಮಾತ್ರ ಬಚ್ಚಲಿಗೆ ಹಾಕಲಿಲ್ಲ, ತಿಂದೆ. ನನ್ನ ಗೆಲುವಿನ ತಂಬಿಟ್ಟು ಅದು.

ಎರಡನೇ ಮಳೆಗಾಲಕ್ಕೆ ಹುಡುಗಿಗೆ ಕೆಮ್ಮು ಹಿಡಿಯಿತು. ಗೋಡೆಯ ಮೇಲಿಂದ ಗೊರಗೊರ ಸದ್ದು ಬರುತ್ತಿತ್ತು. ಹಸಿರು ಕಫ, ಬೆನ್ನಿನಲ್ಲಿ ಚುಚ್ಚಿದಂತೆ ನೋವು. ನಾನು ಹೋಗಿ ಥರ್ಮಾಮೀಟರ್ ಇಟ್ಟೆ. ಪಾದರಸ ಮೇಲೇರಲಿಲ್ಲ. "ಜ್ವರ ಇಲ್ವಲ್ಲ, ಥಂಡಿ ಅಷ್ಟೇ," ಅಂದೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಡಾಕ್ಟರ ಹತ್ತಿರ ಕರ್ಕೊಂಡು ಹೋಗು ಅಂದ ಎದುರು ಮನೆಯವರಿಗೆ ತಾಯಿ ಹೇಳಿದ್ದು ನನ್ನ ಕಿವಿಗೇ ಬಿತ್ತು. "ಟೀಚರಮ್ನೋರು ನೋಡವ್ರೆ, ಜ್ವರ ಇಲ್ವಂತೆ ಬುಡಿ."

ಐದನೇ ದಿನ ಹುಡುಗಿಯ ತುಟಿ ನೀಲಿಗಟ್ಟಿತು. ಮೆಟಡೋರ್ ಹಿಡಿದು ತುಮಕೂರಿನ ಆಸ್ಪತ್ರೆಗೆ ಒಯ್ದೆವು. ಶ್ವಾಸಕೋಶದ ಸುತ್ತ ಕೀವು ತುಂಬಿತ್ತು. ದಬ್ಬಳದಂಥ ಸೂಜಿ ಹಾಕಿ ತೆಗೆದರು, ಪಾತ್ರೆ ತುಂಬ ಬಂತು… ಆ ಬಣ್ಣ, ಆ ವಾಸನೆ ಬೇಡ, ಬರೆಯಲಾರೆ. ಡಾಕ್ಟರು ಎರಡೆರಡು ಸಲ ಕೇಳಿದರು, "ಇಷ್ಟೆಲ್ಲ ಆಗೋವರೆಗೂ ಜ್ವರಾನೇ ಬರ್ಲಿಲ್ವಾ?" ತಾಯಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಆಸ್ಪತ್ರೆ ಸೇರಿದ ಎರಡನೇ ದಿನ ಮಧ್ಯಾಹ್ನ ಹುಡುಗಿ ಹೋಗಿಬಿಟ್ಟಳು.

ತಿಥಿ ಮುಗಿಸಿ ತಾಯಿ ಮತ್ತೆ ಮಿಲ್ಲಿಗೆ ಹೋದಳು. ಈ ಸಲ ರಜದಲ್ಲಿ ಗಂಟನ್ನು ಹತ್ತಿರ ಇಟ್ಟುಕೊಂಡಿರಲಿಲ್ಲ, ಎಲ್ಲೋ ಬಿಸಾಡಿದ್ದಳು. ಸಂಜೆ ಬಂದವಳು ನಮ್ಮ ಬಾಗಿಲಲ್ಲಿ ಕುಸಿದು ಕೂತಳು. ಮೈ ಕೆಂಡ, ಗಡಗಡ ನಡುಕ. ನನ್ನ ಕೈ ಎಳೆದು ತನ್ನ ಹಣೆಯ ಮೇಲಿಟ್ಟುಕೊಂಡು, "ಅವ್ಳಿಗೆ ಇಷ್ಟ್ ಬಂದಿದ್ರೆ ಸಾಕಿತ್ತಲ್ವಾ ಟೀಚರಮ್ಮ…" ಅಂದಳು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಮೇಲೆ ನನಗೆ ತುಮಕೂರಿಗೆ ವರ್ಗವಾಯಿತು. ಆಕೆ ಮಿಲ್ಲು ಬಿಟ್ಟು ಕೊತ್ತಗೆರೆ ಸೇರಿದಳೆಂದು ಕೇಳಿದೆ. ತುಮಕೂರಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಡಾಕ್ಟರು. ಒಮ್ಮೆ ಧೈರ್ಯ ಮಾಡಿ, ಬೇರೆ ಯಾರದೋ ಕಥೆಯೆಂಬಂತೆ ಅವರಿಗೆ ಎಲ್ಲ ಹೇಳಿದೆ. ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಕೊಳೆತ ನಾರಿನಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ. ಅವು ಸತ್ತರೂ ಅವುಗಳ ಮೈಪೊರೆಯ ಚೂರು ಧೂಳಿನಲ್ಲಿರುತ್ತದೆ. ಮೊದಲ ಸಲ ಅದು ಒಳಗೆ ಹೋದಾಗ ರಕ್ತದ ಬಿಳಿಕಣಗಳು ಶತ್ರು ಬಂದ ಅಂತ ಕೂಗೆಬ್ಬಿಸುತ್ತವೆ. ಆ ಕೂಗೇ ಜ್ವರ. ದಿನಾ ಹೋಗುತ್ತಿದ್ದರೆ ಅವೇ ಕಣಗಳು ಕೂಗು ತಗ್ಗಿಸುತ್ತವೆ, ಇಲ್ಲದಿದ್ದರೆ ದೇಹ ತನ್ನ ಉರಿಗೆ ತಾನೇ ಬೇಯುತ್ತದೆ. ಚುಚ್ಚುಮದ್ದಿನಲ್ಲಿ ದೇಹ ಶತ್ರುವಿನ ಗುರುತು ಹಿಡಿದು, ಮುಂದಿನ ಸಲ ಬೇಗ ಹೊಡೆಯಲು ಕಲಿಯುತ್ತದೆ. ಇಲ್ಲಿ ಕಲಿತದ್ದು ತೆಪ್ಪಗಿರುವುದನ್ನು. ಹಾಗೆ ತೆಪ್ಪಗಾದ ಮೈಗೆ ನಿಜವಾದ ಸೋಂಕು ಬಂದಾಗಲೂ ಕೂಗು ಸಣ್ಣದಾಗಬಹುದು. ಆ ಹುಡುಗಿಗೆ ಆದದ್ದು ಇದೇ ಅಂತ ಖಚಿತವಾಗಿ ಹೇಳಲಾರೆ, ಆದರೆ ಜ್ವರ ಇಲ್ಲ ಅಂತ ಸುಮ್ಮನಿದ್ದದ್ದು ತಪ್ಪು ಅಂದರು.

ಅದಾಗಿ ಸ್ವಲ್ಪ ದಿನಕ್ಕೆ, ಎಂಬತ್ತರ ದಶಕದ ನಡುವಿನಲ್ಲಿ, ಆಕೆ ವಿಳಾಸ ಹುಡುಕಿಕೊಂಡು ನಮ್ಮ ತುಮಕೂರಿನ ಮನೆಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಮ್ಮನ ಮಗಳನ್ನು ನಾರಿನ ಮಿಲ್ಲೊಂದಕ್ಕೆ ಕರೆಯುತ್ತಿದ್ದಾರೆ, ಸೇರಿಸಲೋ ಬೇಡವೋ ಅಂತ ಕೇಳಲು ಬಂದಿದ್ದಳು. ಅಷ್ಟು ದೂರದಿಂದ, ಕೇಳಲು ನನ್ನನ್ನೇ ಹುಡುಕಿಕೊಂಡು!

"ಬೇಡ," ಅಂದೆ.

"ಯಾಕೆ ಟೀಚರಮ್ಮ?"

ಈಗ ಹೇಳಬೇಕಿತ್ತು. ನಾನು ಅವತ್ತು ಹೇಳಿದ್ದು ತಪ್ಪು, ನಿನ್ನ ಮಗಳ ವಿಷಯದಲ್ಲಿ ನಾನು ತಪ್ಪಿದೆ ಅನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, "ಈಗ ಆ ಕೆಲಸದಲ್ಲಿ ಏನೂ ಗಿಟ್ಟಲ್ಲ, ಟೈಲರಿಂಗ್ ಕಲಿಸಿ," ಅಂದುಬಿಟ್ಟೆ. ಆಕೆ ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು, ಸೆರಗು ಸರಿಮಾಡಿಕೊಂಡು ಎದ್ದಳು. "ನೀವು ಏಳಿದ್ಮೇಲೆ ಮುಗೀತು ಬುಡಿ," ಅಂದಳು.

ಆಕೆ ಹೋಗಿ ಎಷ್ಟೋ ವರ್ಷಗಳಾದವು. ತೀರಿಕೊಂಡ ಸುದ್ದಿ ಬಂದಾಗ ಕೊತ್ತಗೆರೆಗೆ ಹೋಗಲಿಲ್ಲ, ಕಾಲು ನೋವು ಅಂತ ಮನೆಯವರಿಗೆ ಸುಳ್ಳು ಹೇಳಿದೆ. ಜೀವಮಾನದಲ್ಲಿ ನನ್ನ ಮಾತನ್ನು ಅಷ್ಟು ನಂಬಿದವರು ಇನ್ನೊಬ್ಬರಿಲ್ಲ. ಆಕೆಗೆ ನಾನು ಒಂದೇ ಒಂದು ನಿಜ ಹೇಳಬೇಕಿತ್ತು, ಹೇಳಲಿಲ್ಲ.