ಗಿರಿಜಳನ್ನು ಎರಡನೇ ಭಾಗಕ್ಕೆ ಕರ್ಕೊಂಡು ಹೋಗುವುದಾ?

ದೇವರ ಹತ್ತಿರ ನಾನು ಈಗ ಆಯುಷ್ಯ ಕೇಳ್ತಾ ಇರುವುದು ಮೊಮ್ಮಗಳ ಮದುವೆ ನೋಡ್ಲಿಕ್ಕೆ ಅಲ್ಲ. ಒಂದು ವಿಡಿಯೋ ಗೇಮಿನ ಎರಡನೇ ಭಾಗ ಚಳಿಗಾಲಕ್ಕೆ ಬರ್ಲಿಕ್ಕುಂಟು, ಅದಕ್ಕೆ. ನಗ್ಬೇಡಿ. ಫೋನಿನಲ್ಲಿ ಟೈಪ್ ಮಾಡ್ಲಿಕ್ಕೆ ಕಲಿತು ಸ್ವಲ್ಪ ಸಮಯ ಆಯ್ತಷ್ಟೆ. ಒಂದೇ ಬೆರಳಲ್ಲಿ ಕುಟ್ಟುವುದು, ಹಾಗಾಗಿ ಸುಳ್ಳು ಹೇಳ್ಲಿಕ್ಕೂ ಪುರ್ಸೊತ್ತಿಲ್ಲ.

ಬ್ಯಾಂಕಿನ ಟ್ರಾನ್ಸ್‌ಫರ್ ಆಗಿ ಬಂದ ನಮ್ಮವರ ಹಿಂದೆ ಮಂಗಳೂರಿನಿಂದ ಕಲ್ಕತ್ತಾಕ್ಕೆ ಬಂದವಳು ನಾನು. ಅವರು ತೀರಿಹೋದರು, ನಾನು ಉಳಿದೆ. ಈಗ ನ್ಯೂ ಟೌನಿನ ಒಂದು ಎತ್ತರದ ಫ್ಲಾಟಿನಲ್ಲಿ ಮಗಳು, ಅಳಿಯ, ಮೊಮ್ಮಗಳು ತನ್ವಿಯ ಜೊತೆ ಇದ್ದೇನೆ. ತನ್ವಿಗೆ ಕಾಲೇಜಿಲ್ಲದ ಮಧ್ಯಾಹ್ನ ಊಟ ಮುಗಿಸಿ ನಾವಿಬ್ಬರೂ ಟಿವಿ ಎದುರು ಕೂತು ಯುದ್ಧ ಮಾಡ್ತೇವೆ. ಆರು ಜನ ಸಿಪಾಯಿಗಳು ನಮ್ಮ ಕಡೆ. ಅವರನ್ನು ಪಾಳುಬಿದ್ದ ಊರುಗಳಿಗೆ ಕಳಿಸ್ಬೇಕು. ನಾವು ಒಂದು ಹೆಜ್ಜೆ ಇಟ್ಟರೆ ಮಂಜಿನೊಳಗೆ ಎಂತದ್ದೋ ಒಂದು ಹೆಜ್ಜೆ ಇಡ್ತದೆ. ಅವಸರ ಇಲ್ಲ, ಎಷ್ಟು ಹೊತ್ತು ಬೇಕಾದರೂ ಯೋಚನೆ ಮಾಡ್ಬಹುದು. ಚೆನ್ನೆಮಣೆ ಆಡಿ ಬೆಳೆದವಳಿಗೆ ಹೇಳಿ ಮಾಡಿಸಿದ ಹಾಗೆ. ಕಷ್ಟ ಇರುವುದು ಬೇರೆ ಕಡೆ. ಇದರಲ್ಲಿ ಸತ್ತವ ಸತ್ತ. ಪುನಃ ಎದ್ದು ಬರುವ ಕ್ರಮ ಇಲ್ಲ, ಹೆಸರು ಒಂದು ಕಪ್ಪು ಗೋಡೆಯ ಮೇಲೆ ಹತ್ತಿ ಕೂತುಕೊಳ್ತದೆ.

ಸಿಪಾಯಿಗಳಿಗೆ ಹೆಸರು ನಾವೇ ಇಡ್ಬಹುದು. ಮೊದಲು ತನ್ವಿ ಮನೆಯವರದ್ದೇ ಇಟ್ಟಳು. ಅವಳ ಅಪ್ಪನ ಹೆಸರಿನವನನ್ನು ಒಂದು ಮಧ್ಯಾಹ್ನ ಏನೋ ಒಂದು ಬಾವಿಯೊಳಗೆ ಎಳ್ಕೊಂಡು ಹೋಯ್ತು. ಸಂಜೆ ಅಳಿಯಂದಿರು ಪಾರ್ಕ್ ಸ್ಟ್ರೀಟಿನಲ್ಲಿ ಮೆಟ್ಟಿಲು ತಪ್ಪಿ ಬಿದ್ದು, ಕೈಗೆ ಪ್ಲಾಸ್ಟರ್ ಹಾಕಿಸ್ಕೊಂಡು ಮನೆಗೆ ಬಂದರು. "ಕೋಯಿನ್ಸಿಡೆನ್ಸ್, ಅಮ್ಮಮ್ಮ," ಅಂದಳು ತನ್ವಿ. ಇರಬಹುದು. ಆದರೆ ಆವತ್ತಿನಿಂದ ನಾನೊಂದು ಕಾನೂನು ಮಾಡಿದೆ: ಬದುಕಿರುವವರ ಹೆಸರು ಯುದ್ಧಕ್ಕೆ ಹೋಗ್ಲಿಕ್ಕಿಲ್ಲ. ಸತ್ತವರದ್ದೇ ಇಡು. ಅವರಿಗೆ ಇನ್ನೆಂತ ಆಗ್ಲಿಕ್ಕುಂಟು?

ಹಾಗೆ ನಮ್ಮವರು ಬಂದೂಕು ಹಿಡಿದರು. ಜೀವಮಾನದಲ್ಲಿ ಒಂದು ಜಿರಳೆ ಹೊಡೆದವರಲ್ಲ, ಪಾಪ. ನಮ್ಮ ಅತ್ತೆಗೆ ಬಾಂಬ್ ಎಸೆಯುವ ಕೆಲಸ. ಅದನ್ನು ನಾನೇ ಆರಿಸಿ ಕೊಟ್ಟದ್ದು. ತೊಂಬತ್ತೈದು ಪರ್ಸೆಂಟ್ ತಾಗ್ತದೆ ಅಂತ ಆಟ ಹೇಳಿದ ಗುಂಡು ಶತ್ರುವಿಗೆ ತಾಗದೆ ನಮ್ಮವರು ಎರಡನೇ ಸಲ ಸತ್ತ ದಿವಸ, ನಾನು ಎದ್ದು ಹೋಗಿ ತಲೆಗೆ ನೀರು ಹೊಯ್ಕೊಂಡು ಬಂದೆ.

"ಸೂತಕ ಕಿತ್ನೇ ದಿನ್, ಅಮ್ಮಮ್ಮ?"

"ಸ್ನಾನಕ್ಕೇ ಮುಗೀತು. ಬಾಕಿದ್ದೆಲ್ಲ ಹಿಂದೆಯೇ ಮಾಡಿ ಆಗಿದೆ."

ಇನ್ನೊಬ್ಬಳು ಗಿರಿಜ, ನನ್ನ ತಂಗಿ. ಶಾಲೆಗೆ ಸೇರುವ ಮೊದಲೇ ಮನೆಯ ಹತ್ತಿರದ ತೋಡಿನಲ್ಲಿ ಮುಳುಗಿ ಹೋದವಳು. ನಮ್ಮ ಕಡೆ ಸಣ್ಣ ಪ್ರಾಯದಲ್ಲಿ ಸತ್ತ ಮಕ್ಕಳು ಅಲ್ಲಿಯೂ ಬೆಳೀತಾರೆ ಅಂತ ಲೆಕ್ಕ. ಪ್ರಾಯಕ್ಕೆ ಬಂದರು ಅಂತ ಆದಾಗ, ಇನ್ನೊಂದು ಮನೆಯ ಸತ್ತ ಹುಡುಗನನ್ನು ಹುಡುಕಿ, ಮಳೆಗಾಲದ ಆಟಿ ತಿಂಗಳಲ್ಲಿ ಇಬ್ಬರಿಗೂ ಮದುವೆ ಮಾಡ್ತಾರೆ. ಸೀರೆ, ಕರಿಮಣಿ, ಊಟ ಎಲ್ಲ ಉಂಟು. ಗಿರಿಜಳಿಗೂ ಮಾಡಿದ್ದಾರೆ, ಆ ಪಾಯಸ ನಾನು ತಿಂದಿದ್ದೇನೆ. ಇಲ್ಲಿಯವರು ಮಹಾಲಯದ ದಿವಸ ಗಂಗೆಯಲ್ಲಿ ನಿಂತು ಸತ್ತವರಿಗೆ ನೀರು ಬಿಡುವುದನ್ನು ಕಂಡಾಗ ನನಗೆ ಸ್ವಲ್ಪ ಜಂಬ ಬರ್ತದೆ. ಇವರು ನೀರು ಕೊಟ್ಟು ಕಳಿಸ್ತಾರೆ. ನಾವು ಸಂಸಾರವನ್ನೂ ಹೂಡಿಕೊಡ್ತೇವೆ.

ತನ್ವಿಗೆ ಇದು ಯಾವುದೂ ಗೊತ್ತಿರ್ಲಿಲ್ಲ, ಹೆಸರು ಮಾತ್ರ ಹೇಳಿದ್ದೆ. ಒಂದು ಯುದ್ಧ ಮುಗಿದ ಮೇಲೆ ಗಿರಿಜಳ ಚಿತ್ರದ ಕೆಳಗೆ ಹೊಸದೊಂದು ಸಾಲು ಬಂತು. ತನ್ವಿ ಓದಿ ಹೇಳಿದಳು: "ಇವಳಿಗೆ ಪಾನಿ ಕಾ ಡರ್ ಬಂತು. ಇನ್ನು ನೀರಲ್ಲಿ ಇಳಿಯಲ್ಲ ಇವಳು."

ತೋಡಿನ ವಿಷಯ ನಾನು ಅವಳಿಗೆ ಆವಾಗಲೇ ಹೇಳಿದ್ದು. ಅವಳು ಕೈಯಲ್ಲಿದ್ದ ಆಟದ ರಿಮೋಟ್ ಕೆಳಗಿಟ್ಟಳು. ಮತ್ತೆ ಸುಧಾರಿಸ್ಕೊಂಡು, "ಲಾಟರಿ ಅದು, ಅಮ್ಮಮ್ಮ. ಗೇಮ್ ಎಲ್ಲರಿಗೂ ಒಂದೊಂದು ಭಯ ಕೊಡ್ತದೆ. ಅಜ್ಜನಿಗೆ ಬೆಂಕಿದು ಕೊಟ್ಟಿತ್ತಲ್ಲ?" ಅಂದಳು. ಸಮಾಧಾನ ಆಗ್ಲಿ ಅಂತ ಹೇಳಿದ್ದು, ಪಾಪ.

ಈಗ ಈ ಫೋನೂ ಸೇರಿಕೊಂಡಿದೆ. ನಾನು ಗಿರಿಜ ಅಂತ ಒತ್ತಿದ ಕೂಡ್ಲೇ ಮುಂದಿನ ಪದ ತಾನೇ ತೋರಿಸ್ತದೆ: ಬರ್ತಾಳೆ. ಆ ಪದ ಅವಳ ಹೆಸರಿನ ಮುಂದೆ ನಾನು ಯಾವತ್ತೂ ಬರೆದವಳಲ್ಲ.

ಮೊದಲನೇ ಭಾಗ ಮುಗಿದಾಗ ಉಳಿದದ್ದು ಅವಳೊಬ್ಬಳೇ. ಎರಡನೆಯದು ಇದರ ಅಪ್ಪನಷ್ಟು ಕಷ್ಟ ಅಂತೆ. ಹಳೆಯ ಸಿಪಾಯಿಯನ್ನು ಅಲ್ಲಿಗೆ ಕರ್ಕೊಂಡು ಹೋಗ್ಬಹುದು, ಆದರೆ ವಾಪಸ್ ತರ್ಲಿಕ್ಕಿಲ್ಲ. ಅಲ್ಲಿ ಸತ್ತರೆ ಗೋಡೆಯೇ. "ಬೇಡ. ಇಲ್ಲೇ ಸೇಫ್ ಇದ್ದಾಳೆ," ಅಂದಳು ತನ್ವಿ. ಹೌದು, ಸೇಫ್. ಖಾಲಿ ಕ್ಯಾಂಪಿನಲ್ಲಿ, ಬೆಂಕಿ ಹತ್ತಿರ, ಉಸಿರಾಡ್ತಾ, ಕಾಲು ಬದಲಿಸ್ತಾ ನಿಂತಿರ್ತಾಳೆ. ಒಮ್ಮೆ ಮುಳುಗಿ ಹೋದವಳನ್ನು ಪುನಃ ಕಳಿಸ್ಲಿಕ್ಕೆ ನನಗೂ ಮನಸ್ಸು ಬರ್ಲಿಲ್ಲ. ದಿನಾ ಒಮ್ಮೆ ಟಿವಿ ಹಾಕಿ, ಇದ್ದಾಳಾ ಅಂತ ನೋಡಿ ಆರಿಸುವುದೇ ಕೆಲಸ ಆಯ್ತು.

ಮೊನ್ನೆ ಕಾಲ್‌ಬೈಶಾಖಿ ಗಾಳಿ ಎದ್ದು ಹಗಲಿಗೇ ಕತ್ತಲೆ ಆಯ್ತು. ಎದುರಿನ ಕಟ್ಟಡಗಳೆಲ್ಲ ಧೂಳಿನಲ್ಲಿ ಮಾಯ. ಟಿವಿ ಹಾಕಿದರೆ ಬೆಂಕಿ ಹತ್ತಿರ ಗಿರಿಜ ಇಲ್ಲ. ಕ್ಯಾಂಪಿನ ಗೇಟಿನ ಹತ್ತಿರ ನಿಂತಿದ್ದಳು, ನಮಗೆ ಬೆನ್ನು ಹಾಕಿ, ಚೀಲ ಹೆಗಲಿಗೇರಿಸಿ.

"ನೀನು ನಿಲ್ಲಿಸಿದ್ದಾ?"

"ಧುರ್! ನಾನ್ಯಾಕೆ? ಸಿಪಾಯಿಗಳು ಸುಮ್ಮನೆ ಅಲ್ಲಿ ಇಲ್ಲಿ ತಿರುಗ್ತಾರೆ," ಅಂದಳು ತನ್ವಿ. ಅನ್ನುತ್ತಾ ಸೋಫಾದಲ್ಲಿ ಸರಿದು ನನಗೆ ಅಂಟಿ ಕೂತಳು.

ನಾನು ಯೋಚನೆ ಮಾಡಿದೆ. ಬೆಳೀತಾಳೆ ಅಂತ ನಂಬಿ ಮದುವೆ ಮಾಡಿಸಿದವರು ನಾವು. ಅಷ್ಟು ದೊಡ್ಡವಳನ್ನು ಗೇಟಿನೊಳಗೆ ನಿಲ್ಲಿಸಿ ಸೇಫ್ ಅಂದರೆ, ಅದು ಅವಳ ಆಸೆಯಾ, ನನ್ನ ಹೆದರಿಕೆಯಾ?

"ಕರ್ಕೊಂಡು ಹೋಗುವ," ಅಂದೆ.

"ಸತ್ತರೆ ಅಳ್ಬಾರ್ದು ನೀನು."

"ಅಳ್ತೇನೆ. ಅದು ಬಂದಾಗ ನೀನು ಆಡು."

ತನ್ವಿ ಬೆರಳು ಮಡಚಿ ಹೊಸ ಪಡೆ ಎಣಿಸಿದಳು. ಗಿರಿಜ ಮೊದಲು, ಮತ್ತೆ ನಮ್ಮ ಸಂಬಂಧದಲ್ಲಿ ತೀರಿಹೋದವರು. ಭರ್ತಿಗೆ ಕೊರತೆ ಇಲ್ಲ. ಐದಕ್ಕೆ ನಿಲ್ಲಿಸಿದಳು.

"ಇನ್ನೊಂದು?"

"ಅದು ಖಾಲಿ ಇರ್ಲಿ," ಅಂದಳು, ನನ್ನ ಮುಖ ನೋಡದೆ.

ಯಾರಿಗೆ ಅಂತ ನಾನು ಕೇಳ್ಲಿಲ್ಲ. ದೂರದಲ್ಲಿ ಕೂತು ಗುಂಡು ಹೊಡೆಯುವ ಕೆಲಸ ಕೊಡು, ನನ್ನ ಮೊಣಕಾಲು ಓಡ್ಲಿಕ್ಕೆ ಕೇಳುವುದಿಲ್ಲ ಅಂತ ಮಾತ್ರ ಹೇಳಿದೆ.