ವಾದ್ಯ ಮುಟ್ಟದ ಶುಕ್ರವಾರ

ಶಿಲುಬೆಗೆ ಮುತ್ತಿಡಲು ಜನ ಸಾಲುಗಟ್ಟಿ ನಿಂತಿದ್ದರು, ಹಾಡೇ ಏಳಲಿಲ್ಲ. ಇಳಕಲ್ಲಿನ ನಮ್ಮ ಚರ್ಚಿನಲ್ಲಿ ಶುಭ ಶುಕ್ರವಾರ ಯಾವ ವಾದ್ಯವನ್ನೂ ಮುಟ್ಟುವುದಿಲ್ಲ. ಹೊಸ ಹಾಡನ್ನು ತಿಂಗಳಿಡೀ ಕೀಬೋರ್ಡಿನ ಜತೆ ಕಲಿತಿದ್ದ ಗಾಯನ ತಂಡ, ಅದಿಲ್ಲದೆ ಒಮ್ಮೆಯೂ ಹಾಡಿ ನೋಡಿರಲಿಲ್ಲ. ತಂಡದ ಹಿರಿಯ ಹುಡುಗಿ ರೋಸಿ ಶುರುಮಾಡಿದಾಗಲೆಲ್ಲ ಶ್ರುತಿ ತಪ್ಪುತ್ತಿತ್ತು.

ಹಿಂದಿನ ಬೆಂಚಿನಲ್ಲಿದ್ದ ನನಗೆ ತಡೆಯಲಾಗಲಿಲ್ಲ. ನಿದ್ದೆ ಬರಿಸುತ್ತದೆ ಎಂದು ಇದೇ ತಂಡ ಕೈಬಿಟ್ಟಿದ್ದ ಹಳೆಯ ಶೋಕಗೀತೆಯನ್ನು, ನನ್ನವ್ವ ಮಗ್ಗದ ಮುಂದೆ ಕೂತು ಹಾಡುತ್ತಿದ್ದ ಭಜನೆಯ ಧಾಟಿಯಲ್ಲೇ, ಗಟ್ಟಿಯಾಗಿ ಎತ್ತಿದೆ. ಎರಡನೇ ಸಾಲಿಗೆ ಹೆಂಗಸರು ದನಿಗೂಡಿಸಿದರು, ಪಲ್ಲವಿಗೆ ಗಂಡಸರೂ ಬಂದರು. ಚರ್ಚಿನ ಗೋಡೆಗಳೇ ಹಾಡಿದಂತಿತ್ತು! ಕೊನೆಯವರು ಮುತ್ತಿಡುವವರೆಗೂ ಹಾಡು ನಿಲ್ಲಲಿಲ್ಲ.

ಹೊರಗೆ ಬಂದಾಗ ರೋಸಿ ನನ್ನ ಕೈ ಹಿಡಿದಳು. "ಅಜ್ಜಿ, ನಾಳೆ ನಾವೆಲ್ಲಾ ನಿಮ್ಮ ಮನಿಗೆ ಬರ್ತೇವ್ರಿ. ಹಳೀ ಹಾಡೆಲ್ಲಾ ಕಲಿಸ್ರಿ."

"ಬಾರವ್ವ, ಆದ್ರ ಆ ಕೀಬೋರ್ಡ್ ಮಾತ್ರ ತರಬ್ಯಾಡ," ಅಂದೆ.

ಈಸ್ಟರ್ ಬೆಳಗ್ಗೆ ಕೀಬೋರ್ಡ್ ತನ್ನ ಜಾಗಕ್ಕೆ ಮರಳಿತ್ತು. ರೋಸಿ ಅದರ ಮೇಲೆ ಬೆರಳಿಟ್ಟವಳು ಬಾರಿಸಲಿಲ್ಲ, ಹಿಂದಿನ ಬೆಂಚಿನತ್ತ ತಿರುಗಿ ಕಾದಳು. ನಮ್ಮ ಹಳೆಯ ಅಲ್ಲೆಲೂಯ ಹಾಡನ್ನು ನಾನೇ ಎತ್ತಿದೆ. ಕೀಬೋರ್ಡ್ ನನ್ನ ದನಿಯ ಹಿಂದೆ ಬಂತು.